ಅರ್ಧ ವರ್ಷ ಅಪ್ಪನ ಜೊತೆ, ಅರ್ಧ ವರ್ಷ ಅಮ್ಮನ ಜೊತೆ: ಈ ದಿನಗಳನ್ನ ಎಣಿಸೋದು ಹೇಗೆ?

2013ರಲ್ಲಿ ಕರ್ನಾಟಕ ಹೈಕೋರ್ಟ್‌ನ ದ್ವಿಸದಸ್ಯ ಪೀಠ ಒಂದು ತೀರ್ಪು ಕೊಟ್ಟಿತು. ಬೇರೆಯಾದ ಗಂಡ ಹೆಂಡತಿ, ನಡುವೆ ಒಂದು ಮಗು. ಮಗುವಿನ ಬೆಳವಣಿಗೆಗೆ ಇಬ್ಬರೂ ಬೇಕು ಎಂದ ನ್ಯಾಯಾಲಯ ವರ್ಷವನ್ನೇ ಎರಡು ಭಾಗ ಮಾಡಿತು: ಜನವರಿ 1ರಿಂದ ಜೂನ್ 30ರವರೆಗೆ ಮಗು ಅಪ್ಪನ ಹತ್ತಿರ, ಜುಲೈ 1ರಿಂದ ಡಿಸೆಂಬರ್ 31ರವರೆಗೆ ಅಮ್ಮನ ಹತ್ತಿರ. ಒಬ್ಬರ ಮನೆಯಲ್ಲಿ ಇರುವಾಗ ಇನ್ನೊಬ್ಬರು ಶನಿವಾರ, ಭಾನುವಾರ ಭೇಟಿ ಮಾಡಬಹುದು. ಫೋನು, ವಿಡಿಯೊ ಕಾಲ್ ಎರಡಕ್ಕೂ ಅವಕಾಶ. ಓದಿನ ಖರ್ಚು ಸಮಪಾಲು.

ಓದಿದ ತಕ್ಷಣ 'ಫಿಫ್ಟಿ-ಫಿಫ್ಟಿ, ಸಿಂಪಲ್' ಅನಿಸುತ್ತೆ. ಆದರೆ ಇಂಜಿನಿಯರಿಂಗ್ ಓದೋರಿಗೆ ಕೈ ತುರಿಸುತ್ತೆ ಅಲ್ವಾ? ಎಣಿಸಿ ನೋಡಿ. ಜನವರಿಯಿಂದ ಜೂನ್‌ವರೆಗೆ 181 ದಿನ, ಜುಲೈಯಿಂದ ಡಿಸೆಂಬರ್‌ವರೆಗೆ 184. ಅಧಿಕ ವರ್ಷವಾದರೆ 182 ಮತ್ತು 184. ಮೂರು ದಿನದ ವ್ಯತ್ಯಾಸಕ್ಕೆ ಯಾರೂ ಜಗಳ ಆಡಲಿಕ್ಕಿಲ್ಲ. ಆದರೆ ಜೂನ್ 30ರ ರಾತ್ರಿ ಮಗು ಎಲ್ಲಿ ಮಲಗುತ್ತೆ ಅನ್ನೋ ಪ್ರಶ್ನೆಗೆ ಜಗಳ ಆಗಬಹುದು. ಜೂನ್ 30ರ ಸಂಜೆಯೇ ಅಮ್ಮನ ಮನೆಗೆ ಹೋಗಿ, ವರ್ಷದ ಕೊನೆಯಲ್ಲಿ ಮಾತ್ರ ಜನವರಿ 1ರ ಬೆಳಿಗ್ಗೆ ಅಪ್ಪನ ಮನೆಗೆ ಬಂದರೆ ಲೆಕ್ಕ 180 ರಾತ್ರಿ ಮತ್ತು 185 ರಾತ್ರಿ ಆಗುತ್ತೆ. ಆದೇಶ ಬದಲಾಗಿಲ್ಲ, ಎಣಿಕೆಯ ಗಡಿ ಮಾತ್ರ ಬದಲಾಗಿದೆ. ನಾವು ಮೊದಲ ಸೆಮಿಸ್ಟರ್‌ನಲ್ಲಿ ಲೂಪ್ ಬರೆಯುವಾಗ ಬೈಸಿಕೊಳ್ಳುವ 'ಒಂದು ಹೆಚ್ಚು, ಒಂದು ಕಡಿಮೆ' ತಪ್ಪು ಇಲ್ಲಿ ಒಂದು ಮಗುವಿನ ರಾತ್ರಿಯಾಗಿ ಬರುತ್ತೆ.

ಈ ವಿಷಯ ನಮ್ಮ ಪತ್ರಿಕೆಗೆ ಯಾಕೆ? ಒಂದು, ನಮ್ಮ ಬೆಂಚಿನಲ್ಲೇ ಎರಡು ಮನೆಗಳಲ್ಲಿ ಬೆಳೆದವರು ಇದ್ದಾರೆ. ಅವರ ತಮ್ಮ ತಂಗಿಯರು ಇನ್ನೂ ಆ ಓಡಾಟದಲ್ಲಿ ಇರಬಹುದು. ಎರಡು, ಹ್ಯಾಕಥಾನ್ ಬಂತು ಅಂದ್ರೆ 'ಟ್ರ್ಯಾಕರ್ ಆ್ಯಪ್' ಮಾಡೋಕೆ ಹೊರಡುವವರು ನಾವೇ. ಇದು ಕ್ಯಾಲೆಂಡರ್ ಸಮಸ್ಯೆಯ ಹಾಗೆ ಕಾಣುವ, ಆದರೆ ಪೂರ್ತಿ ಕ್ಯಾಲೆಂಡರ್ ಸಮಸ್ಯೆ ಅಲ್ಲದ ಸಂಗತಿ. ಎರಡೂ ಮುಖ ತಿಳಿದಿರಲಿ.

ಕಾನೂನು ಏನು ಹೇಳುತ್ತೆ

ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯಗಳು ಇರೋದು ಎಚ್. ಸಿದ್ದಯ್ಯ ರಸ್ತೆಯ 'ನ್ಯಾಯ ದೇಗುಲ' ಕಟ್ಟಡದಲ್ಲಿ. ಶಿವಾಜಿನಗರದವರಾಗಲಿ, ಹಲಸೂರಿನವರಾಗಲಿ, ಕೆ.ಆರ್. ಪುರದವರಾಗಲಿ ಅಲ್ಲಿಗೇ ಹೋಗಬೇಕು. 2007ರಲ್ಲಿ ಶುರುವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವೂ ಅದೇ ಕಟ್ಟಡದಲ್ಲಿದೆ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ ಪ್ರಕಾರ, ಸಾಧ್ಯವಿದ್ದರೆ ಮೊದಲು ರಾಜಿಗೆ ಪ್ರಯತ್ನಿಸುವುದು ನ್ಯಾಯಾಲಯದ ಕರ್ತವ್ಯ.

ಕ್ಯಾಂಟೋನ್‌ಮೆಂಟ್ ಕಡೆಯ ಒಂದೇ ಬೀದಿಯಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮನೆಗಳು ಅಕ್ಕಪಕ್ಕ ಇರುತ್ತವೆ. ಕಸ್ಟಡಿಯ ವಿಷಯದಲ್ಲಿ ಅವರಿಗೆ ಅನ್ವಯಿಸುವ ವೈಯಕ್ತಿಕ ಕಾನೂನುಗಳು ಬೇರೆ ಬೇರೆ. ಉದಾಹರಣೆಗೆ 1956ರ ಹಿಂದೂ ಅಪ್ರಾಪ್ತರ ಕಾಯ್ದೆಯಲ್ಲಿ, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದಿದೆ. ಆದರೆ ಎಲ್ಲ ಧರ್ಮದವರಿಗೂ ಸಲ್ಲುವ ಹಳೆಯ ಕಾಯ್ದೆ ಒಂದಿದೆ, 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ. ಅದರ 17ನೇ ಸೆಕ್ಷನ್ ಮಗುವಿನ ಹಿತ ನೋಡು ಅನ್ನುತ್ತೆ; ತಿಳಿದು ಹೇಳುವಷ್ಟು ದೊಡ್ಡ ಮಗುವಾದರೆ ಅದರ ಇಷ್ಟವನ್ನೂ ಗಮನಿಸಬಹುದು ಅನ್ನುತ್ತೆ. ಕೊನೆಗೆ ಎಲ್ಲ ದಾರಿಗಳೂ ಬಂದು ಸೇರುವುದು ಮಗುವಿನ ಹಿತಕ್ಕೇ.

2015ರ ಮೇ ತಿಂಗಳಲ್ಲಿ ಭಾರತದ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಜಂಟಿ ಕಸ್ಟಡಿಯನ್ನು ಕಾನೂನಿನಲ್ಲೇ ಸೇರಿಸಿ ಎಂದು ಶಿಫಾರಸು ಮಾಡಿತು. ನಾವು ಮೇಲೆ ಹೇಳಿದ ಕರ್ನಾಟಕದ ತೀರ್ಪನ್ನು ಆ ವರದಿ ಉದಾಹರಿಸಿದೆ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮುಖ್ಯ ಮಾತು ಹೇಳಿತು: ಭೇಟಿಯ ಹಕ್ಕು ಕೊಡುವಾಗ ಅದರ ಸ್ವರೂಪ, ವಿಧಾನ, ವಿವರ ಎಲ್ಲವನ್ನೂ ನ್ಯಾಯಾಲಯಗಳು ಸ್ಪಷ್ಟವಾಗಿ ಬರೆಯಬೇಕು. ದೂರದ ಊರಲ್ಲಿ ಇರುವ ಪೋಷಕರಿಗೆ ಫೋನು, ಇಮೇಲ್, ವಿಡಿಯೊ ಕಾಲ್ ಮೂಲಕ ಸಂಪರ್ಕದ ಹಕ್ಕೂ ಮುಖ್ಯ ಎಂದಿತು. 'ಸ್ಪಷ್ಟವಾಗಿ ಬರೆಯಿರಿ' ಅನ್ನೋದನ್ನ ನೆನಪಿಡಿ, ಮುಂದೆ ಬೇಕಾಗುತ್ತೆ.

ಏನನ್ನು ಎಣಿಸಬೇಕು?

ದಿನವೋ, ರಾತ್ರಿಯೋ, ಗಂಟೆಯೋ? ಮೂರೂ ಬೇರೆ ಬೇರೆ ಉತ್ತರ ಕೊಡುತ್ತವೆ.

ಬ್ರಿಟನ್ನಿನಲ್ಲಿ ಮಗುವಿನ ಜೀವನಾಂಶದ ಲೆಕ್ಕ ರಾತ್ರಿಗಳ ಮೇಲೆ ನಿಂತಿದೆ. ಹಣ ಕೊಡುವ ಪೋಷಕರ ಮನೆಯಲ್ಲಿ ಮಗು ವರ್ಷಕ್ಕೆ 52 ರಾತ್ರಿ ಉಳಿದರೆ ಕೊಡಬೇಕಾದ ಮೊತ್ತದಲ್ಲಿ ಏಳನೇ ಒಂದು ಭಾಗ ಕಡಿಮೆ. 104 ರಾತ್ರಿಗೆ ಏಳನೇ ಎರಡು, 156ಕ್ಕೆ ಏಳನೇ ಮೂರು, 175 ಅಥವಾ ಅದಕ್ಕಿಂತ ಹೆಚ್ಚಾದರೆ ಸುಮಾರು ಅರ್ಧ. ಅಂದ್ರೆ 51ನೇ ರಾತ್ರಿಗೂ 52ನೇ ರಾತ್ರಿಗೂ ನಡುವೆ ದುಡ್ಡಿನ ಮೆಟ್ಟಿಲು. ನಮ್ಮಲ್ಲಿ ಇಂಥ ಸೂತ್ರ ಇಲ್ಲ. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಯಂತೆ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಸಲ್ಲಿಸಬೇಕು. ಅದನ್ನು ನೋಡಿ ನ್ಯಾಯಾಲಯ ಜೀವನಾಂಶ ನಿರ್ಧರಿಸುತ್ತೆ. ಇದು ಒಂದು ರೀತಿ ಒಳ್ಳೇದೇ. ಒಂದು ರಾತ್ರಿಗೆ ಇಷ್ಟು ರೂಪಾಯಿ ಅಂತ ಇಲ್ಲದಿದ್ದಾಗ, ಎಣಿಕೆಯನ್ನು ಮಗುವಿನ ಕಡೆಯಿಂದ ನೋಡೋಕೆ ಜಾಗ ಇರುತ್ತೆ.

ಮಗುವಿನ ಕಡೆಯಿಂದ ನೋಡಿದ್ರೆ ಏನಾಗುತ್ತೆ? ಲೆಕ್ಕಕ್ಕೆ ಹೀಗಿಟ್ಟುಕೊಳ್ಳೋಣ: ಮಗು ಬೆಳಿಗ್ಗೆ 7ಕ್ಕೆ ಎದ್ದು ರಾತ್ರಿ 9ಕ್ಕೆ ಮಲಗುತ್ತೆ. ಎಚ್ಚರ ಇರೋದು 14 ಗಂಟೆ. ಶಾಲೆ ಮತ್ತು ಸ್ಕೂಲ್ ಬಸ್ಸಿಗೆ 8 ಗಂಟೆ ಹೋದರೆ ಉಳಿಯೋದು 6. ಐದು ದಿನಕ್ಕೆ 30 ಗಂಟೆ. ಶನಿವಾರ, ಭಾನುವಾರ ಸೇರಿದರೆ 28 ಗಂಟೆ. ಅಂದರೆ 'ಬರೀ ವೀಕೆಂಡ್ ತಾನೇ' ಅಂತ ನಾವು ಹೇಳುವ ಎರಡು ದಿನ, ಮಗು ಮನೆಯವರ ಜೊತೆ ಎಚ್ಚರವಾಗಿ ಕಳೆಯುವ ಸಮಯದ ಹತ್ತಿರ ಹತ್ತಿರ ಅರ್ಧ! ರಾತ್ರಿ ಎಣಿಸಿದರೆ ಏಳರಲ್ಲಿ ಎರಡು. ಹಗಲಿನ ಭೇಟಿ ಮಾತ್ರ ಇದ್ದರೆ ಸೊನ್ನೆ. ಇನ್ನೊಂದು ಕಡೆಯಿಂದಲೂ ನೋಡಿ. ಹೋಮ್‌ವರ್ಕ್ ಮಾಡಿಸೋದು, ಜ್ವರ ಬಂದಾಗ ಎದ್ದು ಕೂರೋದು, ಬೆಳಿಗ್ಗೆ ಟಿಫಿನ್ ಬಾಕ್ಸ್ ಕಟ್ಟೋದು ಎಲ್ಲ ಆ ವಾರದ ಐದು ದಿನದಲ್ಲೇ. ಗಂಟೆ ಸಮ ಬಂತು ಅಂತ ಕೆಲಸ ಸಮ ಬರಲ್ಲ. ಅದಕ್ಕೇ ಒಂದೇ ಸಂಖ್ಯೆಯಿಂದ ನ್ಯಾಯ ಅಳೆಯೋ ಆ್ಯಪ್ ಮೊದಲ ದಿನವೇ ತಪ್ಪು.

ಸಮ ಹಂಚಿಕೆಯಲ್ಲೂ ಮೂರು ಬಗೆ

ಅಮೆರಿಕದಲ್ಲಿ ಬಳಕೆಯಲ್ಲಿ ಇರುವ ಕೆಲವು ಮಾದರಿಗಳನ್ನು ಹೋಲಿಸೋಣ. ಎಲ್ಲದರಲ್ಲೂ 14 ದಿನಕ್ಕೆ ತಲಾ 7 ರಾತ್ರಿ.

ವಾರ ಬಿಟ್ಟು ವಾರ: ಎರಡು ವಾರಕ್ಕೆ 2 ಬಾರಿ ಮನೆ ಬದಲು. ಒಬ್ಬರನ್ನು ಬಿಟ್ಟಿರುವ ಅತಿ ಹೆಚ್ಚು ಅವಧಿ 7 ರಾತ್ರಿ.

2-2-5-5: ಮನೆ ಬದಲು 4 ಬಾರಿ. ಅಗಲಿಕೆ 5 ರಾತ್ರಿ.

2-2-3: ಮನೆ ಬದಲು 6 ಬಾರಿ. ಅಗಲಿಕೆ 3 ರಾತ್ರಿ ಮಾತ್ರ.

ಅಗಲಿಕೆ ಕಡಿಮೆ ಮಾಡಿದರೆ ಓಡಾಟ ಹೆಚ್ಚು, ಓಡಾಟ ಕಡಿಮೆ ಮಾಡಿದರೆ ಅಗಲಿಕೆ ಹೆಚ್ಚು. ಎರಡನ್ನೂ ಒಟ್ಟಿಗೆ ಕಡಿಮೆ ಮಾಡೋಕಾಗಲ್ಲ. ವರ್ಷಕ್ಕೆ ಲೆಕ್ಕ ಹಾಕಿದರೆ 52, 104, 156 ಹಸ್ತಾಂತರ. ಪ್ರತಿ ಹಸ್ತಾಂತರಕ್ಕೂ ಒಂದು ಬ್ಯಾಗು, ಒಂದು ಪ್ರಯಾಣ, ಒಂದು 'ಟಾಟಾ'. ಮೂರು ವರ್ಷದ ಮಗುವಿಗೆ ಏಳು ರಾತ್ರಿ ತುಂಬಾ ಉದ್ದ. ಹದಿಮೂರರ ಹುಡುಗನಿಗೆ ವಾರಕ್ಕೆ ಮೂರು ಸಲ ಬ್ಯಾಗ್ ಹೊರೋದೇ ಹಿಂಸೆ. ಹಾಗಾಗಿ ಮಗು ಬೆಳೆದ ಹಾಗೆ ವೇಳಾಪಟ್ಟಿಯೂ ಬೆಳೀಬೇಕು. ಕಸ್ಟಡಿ ಆದೇಶ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಪರಿಸ್ಥಿತಿ ಬದಲಾದರೆ ಮಾರ್ಪಾಡು ಕೇಳಬಹುದು.

'ಮೊದಲ ಶನಿವಾರ' ಯಾವುದು?

ನಮ್ಮಲ್ಲಿ ಹೆಚ್ಚು ಕಾಣುವುದು ವಾರಾಂತ್ಯದ ಭೇಟಿ ಮತ್ತು ರಜೆಯ ಅರ್ಧ ಭಾಗ. 'ಪ್ರತಿ ತಿಂಗಳ ಮೊದಲ ಮತ್ತು ಮೂರನೇ ಶನಿವಾರ, ಭಾನುವಾರ' ಅಂತ ಬರೆದುಕೊಂಡಿರುತ್ತಾರೆ. ಇದರಲ್ಲಿ ಎರಡು ಬಗ್ ಇವೆ.

ಮೊದಲನೇದು: 2026ರ ಫೆಬ್ರವರಿ ತೆಗೆದು ನೋಡಿ. ಫೆಬ್ರವರಿ 1 ಭಾನುವಾರ. ಹಾಗಾದರೆ ಮೊದಲ ಭಾನುವಾರ 1ನೇ ತಾರೀಕು, ಮೊದಲ ಶನಿವಾರ 7ನೇ ತಾರೀಕು. ಇವು ಒಂದೇ ವಾರಾಂತ್ಯವೇ ಅಲ್ಲ! ಅದೇ ವರ್ಷ ಮಾರ್ಚ್, ನವೆಂಬರ್‌ನಲ್ಲೂ ಇದೇ ಕಥೆ. ಅಪ್ಪ ಒಂದು ರೀತಿ ಓದಿಕೊಂಡು, ಅಮ್ಮ ಇನ್ನೊಂದು ರೀತಿ ಓದಿಕೊಂಡರೆ ಇಬ್ಬರಲ್ಲಿ ಯಾರೂ ಸುಳ್ಳು ಹೇಳ್ತಿಲ್ಲ. ಆದರೂ ಮಗು ರೆಡಿಯಾಗಿ ಬಾಗಿಲಲ್ಲಿ ಕೂತಿರುತ್ತೆ, ಕರೆದೊಯ್ಯಲು ಯಾರೂ ಬರಲ್ಲ. ಪರಿಹಾರ ಒಂದೇ ಸಾಲು: 'ಮೊದಲ ಶನಿವಾರ ಮತ್ತು ಅದರ ಮರುದಿನದ ಭಾನುವಾರ' ಎಂದು ಬರೆಯೋದು.

ಎರಡನೇದು: ಮೊದಲ ಮತ್ತು ಮೂರನೇ ಭಾನುವಾರ ಅಂದರೆ ವರ್ಷಕ್ಕೆ 24 ಭೇಟಿ. ಭಾನುವಾರ ಬಿಟ್ಟು ಭಾನುವಾರ ಅಂದರೆ 26. ಬರೀ ಎರಡರ ವ್ಯತ್ಯಾಸ ಅಂತ ಬಿಡಬೇಡಿ. ತಿಂಗಳಲ್ಲಿ ಐದು ಭಾನುವಾರ ಬಂದಾಗ ಮೂರನೇ ಭಾನುವಾರದಿಂದ ಮುಂದಿನ ಭೇಟಿಗೆ 14 ದಿನದ ಬದಲು 21 ದಿನ ಕಾಯಬೇಕು. 2026ರಲ್ಲಿ ಮಾರ್ಚ್, ಮೇ, ಆಗಸ್ಟ್, ನವೆಂಬರ್ ಅಂಥ ತಿಂಗಳುಗಳು. ಸಣ್ಣ ಮಗುವಿಗೆ ಮೂರು ವಾರ ಅಂದರೆ ಒಂದು ಯುಗ. ಜೊತೆಗೆ ಬ್ಯಾಂಕಿನಲ್ಲಿ ಕೆಲಸ ಮಾಡೋರಿಗೆ ರಜೆ ಇರೋದು ಎರಡನೇ ಮತ್ತು ನಾಲ್ಕನೇ ಶನಿವಾರ. ಅಂಥವರಿಗೆ ಮೊದಲ, ಮೂರನೇ ಶನಿವಾರದ ಭೇಟಿ ಬರೆದುಕೊಟ್ಟರೆ ಕಾಗದದಲ್ಲಿ ಹಕ್ಕು ಇರುತ್ತೆ, ಕೈಯಲ್ಲಿ ರಜೆ ಇರಲ್ಲ. ಸುಪ್ರೀಂ ಕೋರ್ಟ್ ಹೇಳಿದ 'ಸ್ಪಷ್ಟತೆ' ಇಂಥಲ್ಲೇ ಬೇಕಾಗೋದು.

ಹಬ್ಬ, ರಜೆ ಮತ್ತು ಆದ್ಯತೆಯ ಸಾಲು

ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಹಬ್ಬ ಪ್ರತಿ ವರ್ಷ ಸೆಪ್ಟೆಂಬರ್ 8. ಇದನ್ನು ಹತ್ತು ವರ್ಷ ಮುಂಚೆಯೇ ಕ್ಯಾಲೆಂಡರ್‌ಗೆ ಹಾಕಬಹುದು. ಯುಗಾದಿ, ಗಣೇಶ ಚತುರ್ಥಿ ಪಂಚಾಂಗದ ಪ್ರಕಾರ ಬದಲಾಗುತ್ತವೆ, ಆದರೆ ಮುಂಚೆಯೇ ಗೊತ್ತಿರುತ್ತೆ. ರಂಜಾನ್ ಹಬ್ಬ ಚಂದ್ರ ಕಂಡ ಮೇಲೇ ಖಚಿತ. 'ಹಬ್ಬದ ದಿನ ಮಗು ಅಪ್ಪನ ಬಳಿ' ಅಂತ ಇದ್ದರೆ ಹಿಂದಿನ ರಾತ್ರಿಯವರೆಗೂ ದಿನಾಂಕ ಅಂತಿಮ ಅಲ್ಲ. ಆದ್ದರಿಂದ ಒಳ್ಳೆಯ ಒಪ್ಪಂದದಲ್ಲಿ ತಾರೀಕಿನ ಬದಲು ನಿಯಮ ಇರಬೇಕು: ಚಂದ್ರ ದರ್ಶನದ ಮರುದಿನ ಬೆಳಿಗ್ಗೆ 9ರಿಂದ ರಾತ್ರಿ 8ರವರೆಗೆ, ಹೀಗೆ.

ಎರಡು ನಿಯಮ ಡಿಕ್ಕಿ ಹೊಡೆದರೆ? ಅಮ್ಮನ ವಾರಾಂತ್ಯದಲ್ಲೇ ಅಪ್ಪನ ಕಡೆಯ ಹಬ್ಬ ಬಂದರೆ? ಇದಕ್ಕೆ ಆದ್ಯತೆಯ ಸಾಲು ಮುಂಚೆಯೇ ಬರೆದಿಟ್ಟುಕೊಳ್ಳಬೇಕು. ಸಾಮಾನ್ಯವಾಗಿ ಹಬ್ಬ ಮತ್ತು ಹುಟ್ಟುಹಬ್ಬ ಮೊದಲು, ಆಮೇಲೆ ದಸರಾ ಮತ್ತು ಬೇಸಿಗೆ ರಜೆ, ಕೊನೆಗೆ ಮಾಮೂಲಿ ವಾರಾಂತ್ಯ. ಮೇಲಿನದು ಕೆಳಗಿನದನ್ನು ಮುಚ್ಚುತ್ತೆ. ರಜೆಯ ಅರ್ಧ ಅನ್ನೋದಕ್ಕೂ ಗಡಿ ಬೇಕು: ಶಾಲೆಯ ಕೊನೆಯ ಗಂಟೆಯಿಂದಲೋ, ಮರುದಿನದಿಂದಲೋ? ಇಬ್ಬರು ಮಕ್ಕಳು ಬೇರೆ ಬೇರೆ ಬೋರ್ಡಿನ ಶಾಲೆಯಲ್ಲಿದ್ದರೆ ಯಾರ ರಜೆ ಲೆಕ್ಕ?

ಪೋಷಕರಲ್ಲಿ ಒಬ್ಬರು ವಿದೇಶದಲ್ಲಿದ್ದರೆ ಇನ್ನೊಂದು ತಲೆನೋವು. ಪ್ರತಿ ಶನಿವಾರ ಇಲ್ಲಿನ ರಾತ್ರಿ 8ಕ್ಕೆ ವಿಡಿಯೊ ಕಾಲ್ ಎಂದು ನಿಗದಿ ಆಗಿದೆ ಅನ್ನಿ. ಡಲ್ಲಾಸ್‌ನಲ್ಲಿ ಅದು ಬೇಸಿಗೆಯಲ್ಲಿ ಬೆಳಿಗ್ಗೆ 9:30, ಚಳಿಗಾಲದಲ್ಲಿ 8:30. ಅವರ ಗಡಿಯಾರ ವರ್ಷಕ್ಕೆ ಎರಡು ಸಲ ಬದಲಾಗುತ್ತೆ, ನಮ್ಮದು ಇಲ್ಲ. ಯಾರ ಊರಿನ ಸಮಯ ಮುಖ್ಯ ಅಂತ ಬರೆದಿರದಿದ್ದರೆ ನವೆಂಬರ್‌ನ ಒಂದು ಶನಿವಾರ ಮಗು ಫೋನ್ ಹಿಡಿದು ಒಂದು ಗಂಟೆ ಕಾಯುತ್ತೆ.

ಹಸ್ತಾಂತರ: ಇಂದಿರಾನಗರದಿಂದ ಕೆ.ಆರ್. ಪುರಕ್ಕೆ

ಅಮ್ಮ ಇಂದಿರಾನಗರ, ಅಪ್ಪ ಕೆ.ಆರ್. ಪುರ ಅಂತ ಇಟ್ಟುಕೊಳ್ಳಿ. ಹಳೇ ಮದ್ರಾಸ್ ರಸ್ತೆ, ಟಿನ್ ಫ್ಯಾಕ್ಟರಿ, ತೂಗು ಸೇತುವೆಯ ಜಾಮ್ ಗೊತ್ತಿರೋರಿಗೆ 'ಸಂಜೆ 6ಕ್ಕೆ ಸರಿಯಾಗಿ' ಅನ್ನೋ ಮಾತಿನ ಬೆಲೆ ಗೊತ್ತು. ನೇರಳೆ ಮಾರ್ಗದ ಮೆಟ್ರೋ 2011ರ ಅಕ್ಟೋಬರ್‌ನಲ್ಲೇ ಇಂದಿರಾನಗರಕ್ಕೆ ಬಂದರೂ, ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದ ತುಂಡು ತೆರೆದದ್ದು 2023ರ ಅಕ್ಟೋಬರ್‌ನಲ್ಲಿ. ಈಗ ಇಂದಿರಾನಗರದಲ್ಲಿ ಹತ್ತಿದರೆ ನಾಲ್ಕನೇ ನಿಲ್ದಾಣವೇ ಕೆ.ಆರ್. ಪುರ. ಮೆಟ್ರೋ ನಿಲ್ದಾಣದಂಥ ಜಾಗಕ್ಕೆ ಇನ್ನೊಂದು ಅನುಕೂಲ ಇದೆ. ಬೆಳಕಿರುತ್ತೆ, ಜನ ಇರ್ತಾರೆ, ಕ್ಯಾಮೆರಾ ಇರುತ್ತೆ, ಯಾರ ಮನೆಯ ಬಾಗಿಲೂ ಅಲ್ಲ. ಮನೆ ಬಾಗಿಲಲ್ಲಿ ಶುರುವಾಗುವ ಹಳೇ ಜಗಳ ಅಲ್ಲಿ ಶುರುವಾಗೋದು ಕಷ್ಟ. ಸಾಧ್ಯವಿದ್ದರೆ ಶಾಲೆಯೇ ಇನ್ನೂ ಒಳ್ಳೇದು: ಒಬ್ಬರು ಬೆಳಿಗ್ಗೆ ಬಿಡೋದು, ಇನ್ನೊಬ್ಬರು ಸಂಜೆ ಕರೆದುಕೊಂಡು ಹೋಗೋದು. ಇಬ್ಬರೂ ಎದುರಾಗಬೇಕಿಲ್ಲ.

ಎಷ್ಟು ನಿಮಿಷ ತಡವಾದರೆ 'ತಡ', ಎಷ್ಟು ಹೊತ್ತಾದರೆ 'ಬರಲಿಲ್ಲ' ಅಂತಲೂ ಒಪ್ಪಿಕೊಂಡಿರಬೇಕು. ಅರ್ಧ ಗಂಟೆ ವಿನಾಯಿತಿ ಈ ಊರಿನ ಮಟ್ಟಿಗೆ ಉದಾರತೆ ಏನಲ್ಲ, ವಾಸ್ತವ.

ದಾಖಲೆ ಬರೆಯುವ ಬಗೆ

ಒಂದು ಸ್ಪ್ರೆಡ್‌ಶೀಟ್ ಸಾಕು. ಅಂಕಣಗಳು: ದಿನಾಂಕ, ಯೋಜಿಸಿದ ಸಮಯ, ನಡೆದ ಸಮಯ, ಜಾಗ, ರಾತ್ರಿ ಎಲ್ಲಿ, ಬದಲಾವಣೆ ಯಾರು ಕೇಳಿದ್ದು, ಯಾರು ಒಪ್ಪಿದ್ದು, ಬದಲಿ ದಿನ ಯಾವಾಗ. ಯೋಜನೆ ಮತ್ತು ನಡೆದದ್ದು ಎರಡೂ ಬೇರೆ ಅಂಕಣ ಆಗಿರಲೇಬೇಕು. ಹಳೆಯದನ್ನು ಅಳಿಸಿ ಹೊಸದು ಬರೆದರೆ ಏನು ಬದಲಾಯಿತು ಅನ್ನೋದೇ ಮಾಯ. ಅದೇ ದಿನ ಬರೆಯಬೇಕು. ಮೂರು ತಿಂಗಳ ನಂತರ ನೆನಪಿನಿಂದ ತುಂಬಿದ ಹಾಳೆಯನ್ನು ಯಾರು ನಂಬ್ತಾರೆ?

ಭಾಷೆ ಮುಖ್ಯ. 'ಎಂದಿನಂತೆ ಬೇಕಂತಲೇ ಲೇಟು' ಅನ್ನೋದು ದಾಖಲೆ ಅಲ್ಲ, ಬೈಗುಳ. '10:00ಕ್ಕೆ ಬರಬೇಕಿತ್ತು, 10:40ಕ್ಕೆ ಬಂದರು, 9:50ಕ್ಕೆ ಮಳೆ ಎಂದು ಮೆಸೇಜ್ ಬಂದಿತ್ತು' ಅನ್ನೋದು ದಾಖಲೆ. ತನಗೆ ವಿರುದ್ಧವಾದದ್ದನ್ನೂ ಬರೆಯುವ ಹಾಳೆಗೇ ಬೆಲೆ.

ಕೋರ್ಟಿನಲ್ಲಿ ಇದು ಉಪಯೋಗಕ್ಕೆ ಬರುತ್ತಾ? ವಿವಾದ ಬಗೆಹರಿಸಲು ನೆರವಾಗುವ ದಾಖಲೆಗಳನ್ನು, ಸಾಮಾನ್ಯ ಸಾಕ್ಷ್ಯ ಕಾನೂನಿನ ಕಟ್ಟುಪಾಡು ಮೀರಿಯೂ ಪರಿಗಣಿಸುವ ಅಧಿಕಾರವನ್ನು 1984ರ ಕಾಯ್ದೆಯ 14ನೇ ಸೆಕ್ಷನ್ ಕೌಟುಂಬಿಕ ನ್ಯಾಯಾಲಯಕ್ಕೆ ಕೊಟ್ಟಿದೆ. ಆದರೂ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಕೇಳುತ್ತೆ. ಮೂಲ ಮೆಸೇಜ್ ಅಳಿಸಿ ಸ್ಕ್ರೀನ್‌ಶಾಟ್ ಮಾತ್ರ ಇಟ್ಟುಕೊಳ್ಳೋದು ಜಾಣತನ ಅಲ್ಲ.

ಎಣಿಸಬಾರದ್ದು

ಈಗ ಆ್ಯಪ್ ಮಾಡೋ ಗೆಳೆಯರಿಗೆ. ಇಂಥ ಆ್ಯಪ್‌ಗಳು ಹೊಸವೇನಲ್ಲ. ಅಮೆರಿಕದ 'ಅವರ್ ಫ್ಯಾಮಿಲಿ ವಿಝಾರ್ಡ್' 2001ರಿಂದ ಇದೆ. ನೀವು ಮಾಡುವುದಾದರೆ ಇಬ್ಬರಿಗೂ ಒಂದೇ ಹಾಳೆ ಕಾಣಲಿ, ಯಾರು ಏನು ತಿದ್ದಿದರು ಅನ್ನೋದು ಉಳಿಯಲಿ, ಕನ್ನಡದಲ್ಲಿ ಇರಲಿ. ಮಗುವಿನ ಲೊಕೇಶನ್ ಹಿಂಬಾಲಿಸುವ ಬಟನ್ ಬೇಡ. ಅದು ನೆಪಕ್ಕೆ ಮಗುವಿನ ಮೇಲೆ, ನಿಜವಾಗಿ ಇನ್ನೊಬ್ಬ ಪೋಷಕರ ಮೇಲೆ ಕಣ್ಣು. ಹಿಂಸೆಯಿಂದ ತಪ್ಪಿಸಿಕೊಂಡು ಬಂದವರ ವಿಳಾಸ ಅದರಿಂದ ಬಯಲಾದರೆ ಜೀವಕ್ಕೇ ಅಪಾಯ. 'ಅಪ್ಪ 47%, ಅಮ್ಮ 53%' ಅಂತ ದೊಡ್ಡ ಅಕ್ಷರದ ಸ್ಕೋರ್‌ಬೋರ್ಡ್ ಕೂಡ ಬೇಡ. ಅದನ್ನು ಮಗುವೂ ನೋಡುತ್ತೆ.

ಮಗುವನ್ನ ಪೋಸ್ಟ್‌ಮ್ಯಾನ್ ಮಾಡಬಾರದು. 'ನಿಮ್ಮಪ್ಪಂಗೆ ಹೇಳು ಫೀಸ್ ಕಟ್ಟೋಕೆ' ಅನ್ನೋ ಒಂದು ಸಾಲು ಬ್ಯಾಗಿಗಿಂತ ಭಾರ. ಆ ಸಾಲನ್ನು ಹೊರುವ ಕೆಲಸ ಹಾಳೆ ಮಾಡಲಿ. ಅದಕ್ಕಾಗಿಯೇ ಹಾಳೆ ಇರೋದು. ಲೆಕ್ಕ ಕಾಗದದ ಮೇಲೆ ಇದ್ದಷ್ಟೂ ಮಗುವಿನ ತಲೆಯಲ್ಲಿ ಕಡಿಮೆ ಇರುತ್ತೆ.

ಕ್ಯಾಂಪಸ್ಸಿನಲ್ಲಿ ಇದನ್ನು ಓದ್ತಿರೋ ಯಾರಾದರೂ ಮನೆಯಲ್ಲಿ ಇಂಥ ಓಡಾಟದ ನಡುವೆ ಇದ್ದರೆ, ಎರಡು ವಿಷಯ. 18 ತುಂಬಿದ ಮೇಲೆ ನಿಮಗೆ ಕಸ್ಟಡಿ ಅನ್ನೋದು ಇಲ್ಲ. ಯಾರ ಮನೆಗೆ ಯಾವಾಗ ಅನ್ನೋದು ನಿಮ್ಮ ಆಯ್ಕೆ. ತಮ್ಮ ತಂಗಿಗೆ ಇನ್ನೂ 18 ಆಗಿಲ್ಲದಿದ್ದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತೆ. ಸಹಾಯವಾಣಿ 15100. ಮಕ್ಕಳ ತುರ್ತಿಗೆ 1098.

ಕ್ಯಾಲೆಂಡರಿನ ಬಗ್‌ಗಳನ್ನು ನಾವು ಸರಿಮಾಡಬಹುದು. ಜೂನ್ 30ರ ರಾತ್ರಿ ಎಲ್ಲಿ ಅಂತ ಮುಂಚೆಯೇ ಬರೆದಿದ್ದರೆ, ಆ ರಾತ್ರಿ ಮಗು ಅದನ್ನು ಯಾರನ್ನೂ ಕೇಳಬೇಕಾಗಿ ಬರಲ್ಲ. ಎಣಿಕೆಯಿಂದ ಆಗೋದು ಇಷ್ಟೇ, ಆದರೆ ಇಷ್ಟು ಆಗಲೇಬೇಕು.